ಹಾವು-ಹಲ್ಲಿ ಸಾಕುವವರ ನಡುವೆ ನಮ್ಮ ಬಣ್ಣದವರು ಯಾಕೆ ಇಷ್ಟು ಕಡಿಮೆ?

ಡ್ಯಾಲಸ್_ಹಲ್ಲಿರಾಯ

ಎಲ್ಲರಿಗೂ ನಮಸ್ಕಾರ. ಜಗಳ ತೆಗೆಯೋಕೆ ಹಾಕಿದ ಪೋಸ್ಟ್ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ನನ್ನ ಹತ್ತಿರ ಒಂದು ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಇದೆ, ಜೊತೆಗೆ ಕ್ರೆಸ್ಟೆಡ್ ಗೆಕ್ಕೋ ಅನ್ನುವ ಹಲ್ಲಿಗಳು. ಟೆಕ್ಸಸ್‌ನಲ್ಲಿ ಹಾವು-ಹಲ್ಲಿ ಮಾರುವ ರೆಪ್ಟೈಲ್ ಶೋಗಳಿಗೇನೂ ಬರ ಇಲ್ಲ, ಹತ್ತಿರದಲ್ಲಿ ಆದರೆ ಹೋಗಿ ಬರುತ್ತೇನೆ. ಒಳಗೆ ಓಡಾಡುವ ಜನ ಎಲ್ಲ ಥರದವರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಮೆಕ್ಸಿಕನ್ ಅಪ್ಪಂದಿರು, ಕಪ್ಪು ಹುಡುಗರ ಗುಂಪು, ಆಮೆ ಇಟ್ಟಿರುವ ಟೇಬಲ್ ಬಿಟ್ಟು ಕದಲದ ವಿಯೆಟ್ನಾಂ ಕಡೆಯ ಹಿರಿಯರು. ಆದರೆ ಟೇಬಲ್ಲಿನ ಆಚೆ ಬದಿ ನೋಡಿ, ಮಾರುವವರ ಜಾಗದಲ್ಲಿ. ಬಹುತೇಕ ಬಿಳಿಯರೇ. ವೇದಿಕೆ ಮೇಲೆ ಮಾತಾಡೋಕೆ ಕರೆಸುವವರು, ಯೂಟ್ಯೂಬ್‌ನಲ್ಲಿ ಹೆಸರು ಮಾಡಿದವರು, ಅವರೂ ಹಾಗೇ.

ಒಂದು ಸಲ ಪೈಡ್ (ಬಿಳಿ ಮಚ್ಚೆಯ) ಹೆಣ್ಣು ಹಾವೊಂದರ ತೂಕ ಎಷ್ಟು, ಊಟ ಸರಿಯಾಗಿ ತಗೊಳ್ಳುತ್ತಾ ಅಂತ ಕೇಳಿದೆ. ಮಾರುವವನು ಉತ್ತರ ಕೊಟ್ಟಿದ್ದು ನನ್ನ ಪಕ್ಕ ನಿಂತಿದ್ದ ಆಫೀಸಿನ ಗೆಳೆಯನಿಗೆ. ಆ ಗೆಳೆಯ ಬಿಳಿಯ, ಹಾವು ಕಂಡರೆ ಆಗಲ್ಲ, ಸುಮ್ನೆ ಜೊತೆಗೆ ಬಂದಿದ್ದ. ನಾನು ಮತ್ತೆ ಕೇಳಿದೆ, ಮತ್ತೆ ಅವನಿಗೇ ಉತ್ತರ. ಕಾರ್ಡ್ ತೆಗೆದಾಗ ಮಾತ್ರ ನನ್ನ ಮುಖ ಕಂಡಿತು. ಇನ್ನೊಬ್ಬ ನಾನು ಇಂಡಿಯಾದವನು ಅಂತ ಗೊತ್ತಾದ ತಕ್ಷಣ ಕೈಯಲ್ಲಿ ಪುಂಗಿ ಊದುವ ಹಾಗೆ ಮಾಡಿ ತೋರಿಸಿದ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅಂತ ನನಗೂ ಗೊತ್ತು, ಆದರೆ ಆ ಜೋಕು ಕೇಳಿ ಕೇಳಿ ಸಾಕಾಗಿದೆ.

ನಿಮಗೂ ಹೀಗೆ ಆಗಿದೆಯಾ? ಅಥವಾ ತಪ್ಪು ನಮ್ಮ ಕಡೆಯದಾ, ನಮ್ಮವರು ಇದಕ್ಕೆ ಕಾಲಿಡುವುದೇ ಇಲ್ವಾ? ಮುಂದಿನ ತಿಂಗಳು ಹಾಸನದಿಂದ ಅತ್ತೆ ಮಾವ ಬರುತ್ತಿದ್ದಾರೆ. ಪೈಥಾನ್ ವಿಷಯ ಅವರಿಗೆ ಇನ್ನೂ ಹೇಳಿಲ್ಲ, ಅದು ಬೇರೆ ಕಥೆ.

ನೇಪರ್‌ವಿಲ್_ಅಕ್ಕ

ಬಿಳಿಯರ ಮೇಲೆ ಹಾಕುವ ಮೊದಲು ನಮ್ಮ ಅಡುಗೆಮನೆ ಕಡೆ ಒಮ್ಮೆ ನೋಡೋಣ ತಮ್ಮಾ. ಸಸ್ಯಾಹಾರ ತಿನ್ನುವ ಹಾವು ಪ್ರಪಂಚದಲ್ಲಿ ಒಂದೂ ಇಲ್ಲ. ಫ್ರೀಜರಿನಲ್ಲಿ ತೆಂಗಿನ ತುರಿ ಪಕ್ಕದಲ್ಲಿ ಇಲಿ ಪ್ಯಾಕೆಟ್ ಇಡೋಕೆ ಎಷ್ಟು ಮನೆಗಳಲ್ಲಿ ಒಪ್ಪುತ್ತಾರೆ ಹೇಳು? ನಾನು ಗ್ಯಾರೇಜಿನಲ್ಲಿ ಒಂದು ಚಿಕ್ಕ ಫ್ರಿಜ್ ಇಟ್ಟಿದ್ದೇನೆ, ಇಲಿ ಕರಗಿಸೋಕೆ ಬೇರೆ ಪಾತ್ರೆ, ಬೇರೆ ಇಕ್ಕಳ, ಅದರ ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ. ಬಿಸಿನೀರಲ್ಲಿ ಜಿಪ್ ಚೀಲ ಮುಳುಗಿಸಿಟ್ಟ ದಿನ ನಮ್ಮ ಯಜಮಾನರು ಗ್ಯಾರೇಜಿನ ಕಡೆ ತಲೆ ಹಾಕಲ್ಲ.

ಇಷ್ಟಾದ ಮೇಲೆ ಸುಬ್ಬಪ್ಪ. ನಮ್ಮ ಅಮ್ಮ ಬಂದಾಗ ಕೇಳಿದ ಮೊದಲ ಮಾತು, "ತನಿ ಎರೆಯೋ ದೇವರನ್ನ ಡಬ್ಬೀಲಿ ಇಟ್ಕೊಂಡಿದೀಯಲ್ಲೇ?" ಇದು ನಾಗರ ಅಲ್ಲಮ್ಮ, ಆಫ್ರಿಕಾದ್ದು ಅಂದೆ. "ಆಫ್ರಿಕಾದ್ದಾದ್ರೆ ದೇವರಲ್ವಾ?" ಅಂದರು. ಆಗ ನಕ್ಕು ಸುಮ್ಮನಾದೆ. ಆಮೇಲೆ ಓದಿದರೆ ಅಮ್ಮ ಹೇಳಿದ್ದೇ ಸರಿ! ಬೆನಿನ್ ದೇಶದ ವಿದಾ ಊರಲ್ಲಿ ಹೆಬ್ಬಾವಿನ ಗುಡಿ ಇದೆ, ಎದುರಿಗೇ ದೊಡ್ಡ ಚರ್ಚು. ಗುಡಿಯಲ್ಲಿ ಇರುವುದು ನಾವು ಸಾಕುವ ಇದೇ ಬಾಲ್ ಪೈಥಾನ್. ಅವನ್ನು ರಾತ್ರಿ ಹೊರಗೆ ಬಿಡುತ್ತಾರೆ, ಯಾರದಾದರೂ ಮನೆಯೊಳಗೆ ಹೋದರೆ ಆ ಮನೆಯವರು ಹೊಡೆಯಲ್ಲ, ಎತ್ತಿಕೊಂಡು ಬಂದು ಗುಡಿಗೆ ಬಿಡುತ್ತಾರೆ. ಇದನ್ನು ಅಮ್ಮನಿಗೆ ಹೇಳಿದ ಮೇಲೆ ಶುಕ್ರವಾರ ನಮ್ಮ ಹಾವಿನ ಗಾಜಿನ ಡಬ್ಬಿಗೂ ಒಂದು ಅರಿಶಿನ ಕುಂಕುಮದ ಬೊಟ್ಟು ಬೀಳುತ್ತಿತ್ತು. ನಿಮ್ಮ ಅತ್ತೆಗೂ ಇದೇ ಹೇಳಿ ನೋಡು.

ಇಲಿ ಸಹವಾಸವೇ ಬೇಡ ಅನ್ನುವವರಿಗೆ ಕ್ರೆಸ್ಟೆಡ್ ಗೆಕ್ಕೋ ಒಳ್ಳೆಯದು, ನಿನಗೇ ಗೊತ್ತಲ್ಲ, ನೀರಲ್ಲಿ ಕಲಸಿಡುವ ಪುಡಿಯಲ್ಲೇ ಬದುಕುತ್ತೆ. ನನ್ನ ಮಗಳ ಯುರೋಮಾಸ್ಟಿಕ್ಸ್ ಅನ್ನುವ ಹಲ್ಲಿ ಸೊಪ್ಪು ತಿನ್ನುತ್ತೆ, ಮಸೂರ್ ಬೇಳೆ ಹಾಕಿದರೆ ಕಟಕಟ ಕಡಿಯುತ್ತೆ. ಅದಕ್ಕೆ ಮನೇಲಿ ಯಾರ ತಕರಾರೂ ಇಲ್ಲ.

ಗೆಕ್ಕೋ_ಗೌಡ

ಅಕ್ಕ ಹೇಳಿದ್ದು ಸಾಕುವವರ ವಿಷಯ. ಹಲ್ಲಿರಾಯರು ಕೇಳಿದ್ದು ಮಾರುವವರ ವಿಷಯ, ಅದು ಬೇರೆ. ನಾನು ಟೇಬಲ್ ಹಾಕುವವನು, ಲೆಪರ್ಡ್ ಗೆಕ್ಕೋ ಮರಿ ಮಾಡಿಸಿ ಮಾರುತ್ತೇನೆ. ಹಾಗಾಗಿ ಆಚೆ ಬದಿಯಿಂದ ಹೇಳುತ್ತೇನೆ.

ನಮ್ಮವರು ಟೇಬಲ್ ಹಿಂದೆ ಇಲ್ಲದಿರುವುದಕ್ಕೆ ಮೊದಲ ಕಾರಣ ಬಣ್ಣ ಅಲ್ಲ ಗುರು, ವೀಸಾ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವನು ಕಂಪನಿ ಕೆಲಸ ಬಿಟ್ಟು ಪಕ್ಕದಲ್ಲಿ ಸ್ವಂತ ವ್ಯಾಪಾರ ಮಾಡುವ ಹಾಗಿಲ್ಲ. ಮರಿ ಮಾಡಿಸಿದರೂ ಮಾರುವಾಗ ಎದೆ ಡವಡವ. ಇಂಡಿಯಾದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಇದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಕಾರ್ಡ್ ಕೈಗೆ ಬಂದ ಮೇಲೆಯೇ ನಾನು ಮೊದಲ ಟೇಬಲ್ ಹಾಕಿದ್ದು. ಅಷ್ಟು ಹೊತ್ತಿಗೆ ನಮ್ಮ ಕಡೆ ಜನಕ್ಕೆ ಮಕ್ಕಳ ಸ್ಕೂಲು, ಮನೆ ಸಾಲ, ಆಸೆ ಆರಿಹೋಗಿರುತ್ತೆ.

ಎರಡನೆಯದು ಮನೆ. ಬಾಡಿಗೆ ಮನೆಯವರು ಹಾವು ಅಂದರೆ ಬಾಗಿಲು ಹಾಕುತ್ತಾರೆ, ಬಹಳ ಅಪಾರ್ಟ್‌ಮೆಂಟ್ ಕರಾರಿನಲ್ಲಿ ಬರೆದೇ ಇರುತ್ತೆ. ಹತ್ತಾರು ಹಾವಿನ ರ್‍ಯಾಕ್ ಇಡಬೇಕು, ಇಪ್ಪತ್ನಾಲ್ಕು ಗಂಟೆ ಬಿಸಿ ಕೊಡಬೇಕು, ಇಲಿ ಸಾಕಬೇಕು ಅಂದರೆ ಸ್ವಂತ ಮನೆ ಬೇಕು. ಈ ದೇಶದಲ್ಲಿ ಯಾರಿಗೆ ಸ್ವಂತ ಮನೆ ಸುಲಭವಾಗಿ ಸಿಕ್ಕಿತು, ಯಾರಿಗೆ ಬ್ಯಾಂಕು ಸಾಲ ಕೊಡಲಿಲ್ಲ ಅನ್ನುವ ಹಳೇ ಲೆಕ್ಕ ಇಲ್ಲೂ ಬಂದು ಕೂರುತ್ತೆ. ಬಾಬ್ ಕ್ಲಾರ್ಕ್ ಅನ್ನುವ ಹಾವು ಸಾಕಣೆದಾರ ಆಲ್ಬಿನೋ (ಬಿಳಿ-ಹಳದಿ) ಬಾಲ್ ಪೈಥಾನ್ ಮರಿ ಮಾಡಿಸಿದ್ದು 1992ರಲ್ಲಿ. ಆ ಹೊತ್ತಲ್ಲಿ ಇಂಥ ಅಪರೂಪದ ಬಣ್ಣದ ಹಾವಿಗೆ ದುಡ್ಡು ಹಾಕಿದವರು ಮುಂದೆ ಬಂದರು, ಅವರ ಹತ್ತಿರ ಕೆಲಸ ಕಲಿತ ಹುಡುಗರು ಇವತ್ತು ದೊಡ್ಡ ಟೇಬಲ್ ಹಾಕುತ್ತಾರೆ. ಅಂದರೆ ಈಗ ಕಾಣುವುದು ಮೂವತ್ತು ವರ್ಷದ ಹಿಂದಿನ ಮುಖಗಳು.

ಎಲ್ಲ ಕಡೆ ಒಂದೇ ಥರವೂ ಇಲ್ಲ. ಕ್ಯಾಲಿಫೋರ್ನಿಯಾದ ಪೊಮೋನಾ ಶೋಗೆ ಒಮ್ಮೆ ಹೋಗಿ ಬನ್ನಿ, ಟೇಬಲ್ ಹಿಂದೆಯೂ ಮುಂದೆಯೂ ಸ್ಪ್ಯಾನಿಶ್ ಕೇಳಿಸುತ್ತೆ, ಫಿಲಿಪಿನೋ ಹುಡುಗರೂ ಸಿಗುತ್ತಾರೆ.

ಇನ್ನೊಂದು ಮಾತು. ಈ ವ್ಯಾಪಾರದಲ್ಲಿ ಕಪ್ಪು ಜನ ಇಲ್ಲ ಅಂದರೆ ಅದು ಪೂರ್ತಿ ಸುಳ್ಳು. ಟೋಗೋ, ಬೆನಿನ್, ಘಾನಾದ ಹಳ್ಳಿಯವರು ಬಿಲದಲ್ಲಿ ಕೈ ಹಾಕಿ ಗಬ್ಬದ ಹೆಣ್ಣು ಹಾವು, ಮೊಟ್ಟೆ, ಮರಿ ಹಿಡಿದು ಕೊಡುತ್ತಾರೆ. ಅಲ್ಲಿನ ಫಾರಂಗಳಲ್ಲಿ ಮೊಟ್ಟೆ ಒಡೆಸಿ ಇಲ್ಲಿಗೆ ಕಳಿಸುತ್ತಾರೆ. ಇಡೀ ಬಾಲ್ ಪೈಥಾನ್ ವ್ಯಾಪಾರದ ಬೇರು ಅಲ್ಲಿದೆ. ಆದರೆ ಹಾವಿನ ವಂಶಾವಳಿ ಹೇಳುವಾಗ ಯಾರೂ ಅವರ ಹೆಸರು ಹೇಳಲ್ಲ, ಇಂಪೋರ್ಟ್ ಮಾಡಿದವನ ಹೆಸರಿಂದ ಶುರು ಮಾಡುತ್ತಾರೆ.

ರಾತ್ರಿ_ಟಾರ್ಚ್

ನಾನು ಸಾಕಲ್ಲ, ಹರ್ಪಿಂಗ್ ಮಾಡುವವನು, ಅಂದರೆ ಹಾವು-ಹಲ್ಲಿ ಇರುವ ಜಾಗಕ್ಕೇ ಹೋಗಿ ಹುಡುಕಿ ನೋಡುವವನು. ನಮ್ಮಲ್ಲಿ ತೊಂದರೆ ಬೇರೆ ಥರ, ಟೇಬಲ್ಲಿನಲ್ಲಿ ಅವಮಾನ ಆದರೆ ಮನೆಗೆ ಬಂದು ಮರೆಯಬಹುದು. ಇದು ಹಾಗಲ್ಲ.

ಪಶ್ಚಿಮ ಟೆಕ್ಸಸ್‌ನ ಲ್ಯಾಂಗ್‌ಟ್ರಿ, ಸ್ಯಾಂಡರ್ಸನ್ ಕಡೆ ಬೇಸಿಗೆ ರಾತ್ರಿ ರಸ್ತೆ ಬದಿಯ ಬಂಡೆ ಕಟಾವಿನಲ್ಲಿ ಆಲ್ಟರ್ನಾ ಹುಡುಕುತ್ತಾರೆ, ಗ್ರೇ-ಬ್ಯಾಂಡೆಡ್ ಕಿಂಗ್‌ಸ್ನೇಕ್. ಸುಣ್ಣದ ಕಲ್ಲಿನ ಗೋಡೆಗೆ ಟಾರ್ಚ್ ಬಿಡುತ್ತಾ ನಿಧಾನಕ್ಕೆ ನಡೆಯಬೇಕು. ಬೂದಿ ಬಣ್ಣದ ಮೇಲೆ ಕಿತ್ತಳೆ ಪಟ್ಟಿ, ಬಿರುಕಿನಿಂದ ನಾಲ್ಕು ಬೆರಳು ಹೊರಗೆ ಬಂದಿದ್ದರೆ ನಿಮ್ಮ ಅದೃಷ್ಟ. 2011ರಿಂದ ಅಲ್ಲಿ ಹೊಳೆಯುವ ವೆಸ್ಟ್ ಹಾಕಬೇಕು, ಬೇಟೆ ಲೈಸೆನ್ಸ್ ಜೊತೆ ಹಾವು-ಹಲ್ಲಿ ಹಿಡಿಯಲು ಅನುಮತಿ ಕೊಡುವ ಸ್ಟ್ಯಾಂಪ್ ಇರಬೇಕು. ಎಲ್ಲ ಇಟ್ಟುಕೊಂಡೇ ಹೋಗಿದ್ದೆ. ಆದರೂ ಒಂದು ಗಾಡಿ ನಿಂತಿತು, ಮುಖಕ್ಕೆ ಲೈಟ್ ಬಿತ್ತು, ಕೈ ಕಾಣುವ ಹಾಗೆ ಇಟ್ಟುಕೋ ಅಂದರು. ನನ್ನ ಕೈಯಲ್ಲಿ ಹಾವು ಹಿಡಿಯುವ ಕೊಕ್ಕೆ ಇತ್ತು, ದೂರದಿಂದ ಅದು ಏನಾಗಿ ಕಾಣುತ್ತೋ ದೇವರೇ ಬಲ್ಲ. ಸ್ವಲ್ಪ ಮುಂದೆ ಅದೇ ಕೆಲಸ ಮಾಡುತ್ತಿದ್ದ ಬಿಳಿಯ ಮುದುಕರಿಗೆ ಕೈ ಬೀಸಿ ಹೋದರು. ನನ್ನ ಲ್ಯಾಬಿನಲ್ಲಿ ಒಬ್ಬ ಕಪ್ಪು ಹುಡುಗ ಇದ್ದಾನೆ, ಹಾವಿನ ವಿಷಯದಲ್ಲಿ ನನಗಿಂತ ಜಾಣ. ಅವನು ರಾತ್ರಿ ಒಬ್ಬನೇ ಹೋಗುವುದೇ ಇಲ್ಲ, ಬಿಳಿಯ ಗೆಳೆಯ ಯಾರಾದರೂ ಸಿಕ್ಕರೆ ಮಾತ್ರ ಹೊರಡುತ್ತಾನೆ.

2020ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕ್ರಿಶ್ಚಿಯನ್ ಕೂಪರ್ ಅನ್ನುವ, ಹಕ್ಕಿ ನೋಡುವ ಕಪ್ಪು ಮನುಷ್ಯರ ಮೇಲೆ ಒಬ್ಬ ಬಿಳಿಯ ಹೆಂಗಸು ಪೊಲೀಸ್ ಕರೆದದ್ದು ನೆನಪಿದೆಯಲ್ಲ. ನಾಯಿಗೆ ಹಗ್ಗ ಹಾಕಿ ಅಂದಿದ್ದಕ್ಕೆ! ಅದಾದ ಮೇಲೆ ಬ್ಲ್ಯಾಕ್ ಬರ್ಡರ್ಸ್ ವೀಕ್ (ಹಕ್ಕಿ ನೋಡುವ ಕಪ್ಪು ಜನರ ವಾರ) ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಹಲ್ಲಿ ಅಧ್ಯಯನ ಮಾಡುವ ಅರಿನ್ ಮೆಗೀ ಕೂಡ ಒಬ್ಬರು. ಅವರು ಜಾಲತಾಣದಲ್ಲಿ "ಆ ಹಲ್ಲಿ ಎಲ್ಲಿದೆ ಹುಡುಕಿ" ಅಂತ ಫೋಟೋ ಹಾಕುತ್ತಿದ್ದರು. ತೊಗಟೆ ಬಣ್ಣದ ಹಲ್ಲಿ, ತೊಗಟೆ ಮೇಲೆಯೇ ಕೂತಿರುತ್ತೆ, ಕಣ್ಣು ನೋವು ಬರುವವರೆಗೆ ಹುಡುಕಬೇಕು. ಇಂಥ ಒಬ್ಬರು ಕಣ್ಣ ಮುಂದೆ ಇದ್ದರೆ ಚಿಕ್ಕ ಹುಡುಗರಿಗೆ "ಇದು ನಮ್ಮಂಥವರಿಗಲ್ಲ" ಅಂತ ಅನ್ನಿಸಲ್ಲ. ಗೌಡ್ರೇ, ವೀಸಾ ಲೆಕ್ಕ ಒಪ್ಪಿದೆ. ಆದರೆ ಬಣ್ಣ ಅಲ್ಲವೇ ಅಲ್ಲ ಅನ್ನಬೇಡಿ.

ಮಲ್ನಾಡ್_ಕೇರೆಹಾವು

ನಾನು ತೀರ್ಥಹಳ್ಳಿ ಕಡೆಯವನು, ಮನೆಗೆ ನುಗ್ಗಿದ ಹಾವು ಹಿಡಿದು ಕಾಡಿಗೆ ಬಿಡುವ ಕೆಲಸ ಮಾಡುತ್ತೇನೆ. ನಿಮ್ಮ ಅಮೆರಿಕದ ಮಾತು ಓದಿ ಒಂದು ವಿಷಯ ಹೇಳಬೇಕು ಅನ್ನಿಸಿತು. ನೀವೆಲ್ಲ ಯಾರನ್ನು ಲೆಕ್ಕಕ್ಕೆ ತಗೊಂಡು "ನಮ್ಮವರು ಕಡಿಮೆ" ಅನ್ನುತ್ತಿದ್ದೀರಿ?

2016ರಲ್ಲಿ ಫ್ಲೋರಿಡಾದಲ್ಲಿ, ಹೊರಗಿನಿಂದ ಬಂದು ಅಲ್ಲಿ ಕಾಟ ಕೊಡುವ ಬರ್ಮೀಸ್ ಹೆಬ್ಬಾವು ಹಿಡಿಯುವ ಸ್ಪರ್ಧೆ ಮಾಡಿದರು. ಸಾವಿರಕ್ಕೂ ಜಾಸ್ತಿ ಜನ ಹೆಸರು ಕೊಟ್ಟರು, ಒಂದು ತಿಂಗಳಲ್ಲಿ ಸಿಕ್ಕಿದ್ದು 106 ಹಾವು. 2017ರ ಜನವರಿಯಲ್ಲಿ ತಮಿಳುನಾಡಿನಿಂದ ಹಾವು ಹಿಡಿಯುವ ಇರುಳ ಬುಡಕಟ್ಟಿನ ಇಬ್ಬರನ್ನು ಕರೆಸಿಕೊಂಡರು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್. ಮೊದಲ ಎಂಟು ದಿನದಲ್ಲೇ 13 ಹೆಬ್ಬಾವು ಹಿಡಿದರು, ಅದರಲ್ಲಿ ಒಂದು ಹದಿನಾರು ಅಡಿಯ ಹೆಣ್ಣು. ಅಲ್ಲಿನವರು ರಸ್ತೆ ಮೇಲೆ, ಏರಿ ಮೇಲೆ ಗಾಡಿ ಓಡಿಸಿಕೊಂಡು ಹುಡುಕುತ್ತಿದ್ದರೆ ಇವರು ನೇರ ಪೊದೆಯೊಳಗೆ ಇಳಿದರು. ಹಾವು ಹೋದ ಗೆರೆ, ಹಿಕ್ಕೆ, ಬಿಟ್ಟ ಪೊರೆ ಎಲ್ಲ ನೋಡಿಕೊಂಡು ಹೋಗುವುದು ಅವರ ಪದ್ಧತಿ. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ನಮ್ಮ ದೇಶದಲ್ಲಿ ಹಾವು ಕಚ್ಚಿದರೆ ಕೊಡುವ ಮದ್ದಿಗೆ ಬೇಕಾದ ವಿಷದ ಬಹುಪಾಲು ಬರುವುದು ಇರುಳರ ಸಹಕಾರ ಸಂಘದಿಂದ. ಅದು ಶುರುವಾಗಿದ್ದು 1978ರಲ್ಲಿ, ಹಾವು ತಜ್ಞ ರೋಮುಲಸ್ ವಿಟೇಕರ್ ಜೊತೆಗೂಡಿ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ, ಈ ನಾಲ್ಕನ್ನೂ ಹಿಡಿದು, ಮಡಕೆಯಲ್ಲಿ ಇಟ್ಟು, ವಿಷ ತೆಗೆದು, ವಾಪಸ್ ಬಿಡುತ್ತಾರೆ.

ಇಂಥವರನ್ನು ಯಾವ ರೆಪ್ಟೈಲ್ ಶೋ ವೇದಿಕೆಗೆ ಕರೆಯುತ್ತೆ?

ನಮ್ಮ ಊರಿನ ಹಾವಾಡಿಗರದ್ದೂ ಅದೇ ಕಥೆ. ಹಲ್ಲು ಕಿತ್ತು ನಾಗರನನ್ನು ಆಡಿಸುವುದು ಹಿಂಸೆ, ಅದನ್ನು ನಾನು ಸಮರ್ಥಿಸಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ ಆಯಿತು, ಸರಿ. ಆದರೆ ಅವರ ತಲೆಯಲ್ಲಿದ್ದ ತಿಳಿವಳಿಕೆಗೆ ಬೇರೆ ದಾರಿ ತೋರಿಸಿದವರು ಕಡಿಮೆ. ಇತ್ತ ಬೆಂಗಳೂರಿನಲ್ಲಿ ದುಡ್ಡಿರುವ ಮನೆ ಹುಡುಗ ಇಗ್ವಾನಾ, ಬಾಲ್ ಪೈಥಾನ್ ತಂದು ಹೆಗಲ ಮೇಲೆ ಹಾಕಿಕೊಂಡು ರೀಲ್ಸ್ ಮಾಡಿದರೆ ಹವ್ಯಾಸ. ಹೊರದೇಶದ ಪ್ರಾಣಿ ಅಂತ ಕಾಯ್ದೆ ಬಹಳ ಕಾಲ ಆ ಕಡೆ ನೋಡಲೇ ಇಲ್ಲ. 2022ರ ತಿದ್ದುಪಡಿ ಆದ ಮೇಲೆ, 2024ರ ನಿಯಮ ಬಂದ ಮೇಲೆ ಈಗ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಿಮ್ಮಲ್ಲಿ ಬಣ್ಣ, ನಮ್ಮಲ್ಲಿ ಜಾತಿ ಮತ್ತು ಇಂಗ್ಲಿಷ್. ಯಾರ ಕೈಯಲ್ಲಿ ಹಾವಿದೆ ಅನ್ನುವುದರ ಮೇಲೆ ಅವನು ಪ್ರಾಣಿಪ್ರೇಮಿಯೋ ಕಳ್ಳನೋ ಅಂತ ತೀರ್ಮಾನ ಆಗುತ್ತೆ.

ಹಾಮ್_ಹೋಗಿಬಂದವ

ಜರ್ಮನಿಯಿಂದ ಚಿಕ್ಕದಾಗಿ. ಇಲ್ಲಿ ಹಾಮ್ ಊರಲ್ಲಿ ವರ್ಷಕ್ಕೆ ನಾಲ್ಕು ಸಲ ಟೆರಾರಿಸ್ಟಿಕಾ ಅನ್ನುವ ರೆಪ್ಟೈಲ್ ಶೋ ಆಗುತ್ತೆ. ಇಟಲಿ, ಪೋಲೆಂಡ್, ಝೆಕ್, ಸ್ಪೇನ್, ಎಲ್ಲ ಭಾಷೆ ಕಿವಿಗೆ ಬೀಳುತ್ತೆ. ಆದರೂ ನಮ್ಮ ಮುಖ ಹುಡುಕಿದರೆ ಸಿಗಲ್ಲ. ಒಬ್ಬ ನಾನು ಇಂಡಿಯಾದವನು ಅಂದ ಕೂಡಲೇ ದನಿ ತಗ್ಗಿಸಿ ನಕ್ಷತ್ರ ಆಮೆ ಸಿಗುತ್ತಾ ಅಂತ ಕೇಳಿದ. ಪುಂಗಿ ಜೋಕಿಗಿಂತ ಅದು ಜಾಸ್ತಿ ಉರಿಯಿತು.

ಡ್ಯಾಲಸ್_ಹಲ್ಲಿರಾಯ

ಕೇರೆಹಾವು ಸರ್, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಇರುಳರ ವಿಷಯ ನಮ್ಮ ಇಲ್ಲಿನ ಕ್ಲಬ್ಬಿನಲ್ಲಿ ಮಾತಿಗೆ ತರುತ್ತೇನೆ, ಫ್ಲೋರಿಡಾದಲ್ಲೇ ಆದದ್ದು ಅಂದರೆ ಕೇಳುತ್ತಾರೆ. ಗೌಡ್ರೇ, ಎಚ್-1ಬಿ ಮಾತು ಸರಿಯಾಗಿ ತಗುಲಿತು, ನಾನೂ ಅದೇ ಸಾಲಿನಲ್ಲಿದ್ದೇನೆ.

ಆಮೆ ಮಾತು ಬಂತು ಅಂತ ಕೇಳುತ್ತೇನೆ. ಚಿಂತಾಮಣಿ ಕಡೆ ನಮ್ಮ ನೆಂಟರೊಬ್ಬರು ಮನೇಲಿ ನಕ್ಷತ್ರ ಆಮೆ ಇಟ್ಟುಕೊಂಡಿದ್ದಾರೆ, ದುಡ್ಡು ಬರುತ್ತೆ ಅಂತ ನಂಬಿಕೆ. ಏನು ಮಾಡೋದು?

ಮಲ್ನಾಡ್_ಕೇರೆಹಾವು

ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮದೇ ದೇಶದ ಪ್ರಾಣಿ, ಕಾಯ್ದೆಯಲ್ಲಿದೆ. 2019ರಲ್ಲಿ ಸೈಟಿಸ್ ಮೊದಲ ಪಟ್ಟಿಗೂ ಏರಿಸಿದ್ದಾರೆ, ಅಷ್ಟು ಕಳ್ಳಸಾಗಣೆ. ಅವರೇ ಅರಣ್ಯ ಇಲಾಖೆ ಕಚೇರಿಗೆ ಕೊಂಡು ಹೋಗಿ ಒಪ್ಪಿಸಲಿ, ಯಾರೋ ಬಂದು ದೂರು ಕೊಟ್ಟ ಮೇಲೆ ಕೊಡುವುದಕ್ಕಿಂತ ಅದು ವಾಸಿ. ಹೊಲಕ್ಕೆ ಮಾತ್ರ ಬಿಡಬೇಡಿ ಅಂತ ಹೇಳಿ. ಎಲ್ಲಿಂದ ಬಂದ ಆಮೆಯೋ ಗೊತ್ತಿಲ್ಲ, ರೋಗ ಇದ್ದರೆ ಅಲ್ಲಿರುವವಕ್ಕೂ ಅಂಟುತ್ತೆ. ಮತ್ತೆ ಅಲ್ಲಿವರೆಗೆ ಅನ್ನ, ಹಾಲು ಹಾಕಬೇಡಿ, ಹುಲ್ಲು ಸೊಪ್ಪು ಸಾಕು.