ವೈರ್ ಹಿಡಿದು ಪ್ಲಗ್ ಎಳೆಯುವುದು ಎಂತಕ್ಕೆ ಬೇಡ? ಇಲೆಕ್ಟ್ರಿಷಿಯನ್‌ಗಳ ಜೊತೆ ಪ್ರಶ್ನೋತ್ತರ

ಪ್ರಶ್ನೆ – ಬಿಜೈಯ ಸದಸ್ಯೆ:
ಮಿಕ್ಸಿಯದ್ದೂ ಇಸ್ತ್ರಿಪೆಟ್ಟಿಗೆಯದ್ದೂ ವೈರು ಪ್ಲಗ್ಗಿನ ಬುಡದಲ್ಲೇ ತುಂಡಾಗ್ತಾ ಉಂಟು. ಹೊಸ ಟಾಪ್ (ವೈರಿನ ತುದಿಗೆ ಹಾಕುವ ಪ್ಲಗ್) ಹಾಕಿಸಿದ್ರೂ ಕೆಲವು ತಿಂಗಳಲ್ಲಿ ಅದೇ ಕಥೆ. ಮನೆಯಲ್ಲಿ ಎಲ್ಲರೂ ವೈರು ಹಿಡಿದೇ ಎಳೆಯುವುದು. ಅದರಿಂದಲೇ ಹೀಗೆ ಆಗುವುದಾ? ಸರಿಯಾಗಿ ತೆಗೆಯುವುದು ಹೇಗೆ?

ಉತ್ತರ – ವೈರಿಂಗ್ ಕೆಲಸದವರು, ಉಡುಪಿ:
ಹೌದು ಅಕ್ಕ, ಅದರಿಂದಲೇ. ಮಿಕ್ಸಿಗೆ ಬರುವ 0.75 ಚದರ ಮಿ.ಮೀ. ವೈರಿನ ಒಂದೊಂದು ಬಣ್ಣದೊಳಗೂ ಕೂದಲಿನಂಥ ತಾಮ್ರದ ಎಳೆಗಳು ಇರ್ತವೆ, ಸಾಧಾರಣ 0.2 ಮಿ.ಮೀ. ದಪ್ಪದ 24 ಎಳೆ. ವೈರು ಹಿಡಿದು ಓರೆಯಾಗಿ ಎಳೆದಾಗೆಲ್ಲ ಅದು ಬಾಗುವುದು ಪ್ಲಗ್ಗಿನ ಕುತ್ತಿಗೆಯಲ್ಲೇ. ಅಲ್ಲಿ ಎಳೆಗಳು ಒಂದೊಂದಾಗಿ ತುಂಡಾಗ್ತವೆ. ಹೊರಗಿನ ರಬ್ಬರ್ ಮಾತ್ರ ಸರಿಯಾಗಿಯೇ ಕಾಣ್ತದೆ, ಅದೇ ಮೋಸ. ಕೊನೆಗೆ ಐದಾರು ಎಳೆ ಉಳಿದಾಗ ಇಡೀ ಕರೆಂಟು ಅದರಲ್ಲೇ ಹೋಗಬೇಕು. ಆ ಜಾಗ ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ, ಫೇಸೂ (ಕರೆಂಟು ಬರುವ ವೈರು) ನ್ಯೂಟ್ರಲೂ (ಕರೆಂಟು ವಾಪಸ್ ಹೋಗುವ ವೈರು) ಒಂದಕ್ಕೊಂದು ತಾಗಿದರೆ ಕಿಡಿ ಹಾರ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಜೋರು. ಸ್ಕ್ರೂ ಹಾಕುವ ಟಾಪ್ ಆದರೆ ಎಳೆದೆಳೆದು ಎಳೆಗಳು ಸ್ಕ್ರೂವಿನಿಂದ ಜಾರಿ ಹೊರಗೆ ಬರ್ತವೆ. ಫೇಸಿನ ಒಂದೇ ಒಂದು ಎಳೆ ಅರ್ತ್ ಪಿನ್ನಿಗೆ (ಪೆಟ್ಟಿಗೆಯ ಲೋಹದ ಮೈಗೆ ಜೋಡಿಸಿದ ದಪ್ಪ ಪಿನ್) ತಾಗಿದರೂ ಸಾಕು. ಮನೆಯ ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ದಾರಿ) ಚೆನ್ನಾಗಿದ್ದರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬಿದ್ದು ಅಲ್ಲಿಗೆ ಮುಗೀತದೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಲೋಹದ ಮೈಗೇ 230 ವೋಲ್ಟ್ ಬಂದು ಕೂತಿರ್ತದೆ.

ತೆಗೆಯುವ ಕ್ರಮ ಹೀಗೆ. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಮೊದಲು ಮಿಕ್ಸಿಯ ಸ್ವಿಚ್, ಆಮೇಲೆ ಗೋಡೆಯ ಸ್ವಿಚ್, ಕೊನೆಗೆ ಪ್ಲಗ್. ಎಡಗೈಯ ಅಂಗೈಯನ್ನು ಬೋರ್ಡಿನ ಪ್ಲೇಟಿನ ಅಂಚಿಗೆ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಪ್ಲಗ್ಗಿನ ಜೊತೆ ಪ್ಲೇಟೇ ಕಿತ್ತು ಬರ್ತದೆ. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಪ್ಲಗ್ಗಿನ ಪಕ್ಕದ ಗೀರು ಇರುವ ಜಾಗ ಹಿಡಿದು ನೇರ ನಿಮ್ಮ ಕಡೆಗೆ ಎಳೆಯಿರಿ. ಬೆರಳ ತುದಿ ಪ್ಲಗ್ಗಿನ ಮುಂದಕ್ಕೆ, ಪಿನ್ನಿನ ಕಡೆಗೆ, ದಾಟಬಾರದು. ಸ್ವಲ್ಪ ಬಿಗಿ ಇದ್ದರೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡಿಸಬಹುದು. ತಿರುಚಲೇಬಾರದು. ತಿರುಚಿದರೆ ಸಾಕೆಟ್ಟಿನ ಒಳಗೆ ಪಿನ್ ಹಿಡಿಯುವ ಹಿತ್ತಾಳೆಯ ತುಟಿ ಅಗಲಾಗಿ ಲೂಸ್ ಕಾಂಟ್ಯಾಕ್ಟ್ ಶುರುವಾಗ್ತದೆ.

ಸ್ವಿಚ್ ಮೊದಲು ಆಫ್ ಮಾಡಿ ಅಂತ ಹೇಳುವುದಕ್ಕೆ ಎರಡು ಕಾರಣ. ಮೋಟಾರು ತಿರುಗುತ್ತಿರುವಾಗ ಪ್ಲಗ್ ಕಿತ್ತರೆ ಪಿನ್ನಿನ ತುದಿಯಲ್ಲಿ ಕಿಡಿ ಹಾರಿ ಪ್ರತಿ ಸಲವೂ ಒಂದು ಕಪ್ಪು ಗುಳಿ ಬೀಳ್ತದೆ. ಎರಡನೆಯದು, ನಮ್ಮಲ್ಲಿ ಮಾರುವ ಬಹಳಷ್ಟು ಟಾಪ್‌ಗಳ ಪಿನ್ನಿಗೆ ಬುಡದಲ್ಲಿ ಪ್ಲಾಸ್ಟಿಕ್ ಹೊದಿಕೆ ಇರುವುದಿಲ್ಲ. ಅರ್ಧ ಹೊರಗೆ ಬಂದ ಪ್ಲಗ್ಗಿನ ಪಿನ್ನಿನಲ್ಲಿ ಇನ್ನೂ ಕರೆಂಟು ಇರ್ತದೆ, ಬೆರಳೂ ಅಲ್ಲೇ ಇರ್ತದೆ. ಮೇಲಿನ ದಪ್ಪ ಅರ್ತ್ ಪಿನ್ ಉದ್ದ ಮಾಡಿರುವುದು ಅದು ಒಳಗೆ ಮೊದಲು ಸೇರಿ ಕೊನೆಗೆ ಬಿಡಲಿ ಅಂತ. ಆದರೆ ಅದು ಕಾಯುವುದು ಮಿಕ್ಸಿಯ ಮೈಯನ್ನು, ನಿಮ್ಮ ಬೆರಳನ್ನು ಅಲ್ಲ.

ಪ್ರಶ್ನೆ – ಕೊಟ್ಟಾರದ ಸದಸ್ಯರು:
ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಕಲ್ವಾ? ಪ್ಲಗ್ ಯಾಕೆ ತೆಗೆಯಬೇಕು?

ಉತ್ತರ – ವೈರಿಂಗ್ ಕೆಲಸದವರು, ಉಡುಪಿ:
ದಿನನಿತ್ಯಕ್ಕೆ ಸಾಕು, ಆದರೆ ಸ್ವಿಚ್ ಫೇಸಿನಲ್ಲೇ ಇರಬೇಕು. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿಟ್ಟಿರುವುದು ಉಂಟು. ಅಲ್ಲಿ ಆಫ್ ಮಾಡಿದರೆ ಮಿಕ್ಸಿ ನಿಲ್ತದೆ, ಸಾಕೆಟ್ಟಿನ ಕರೆಂಟು ನಿಲ್ಲುವುದಿಲ್ಲ. ಮುಂದೆ ಯಾವ ಕೆಲಸಕ್ಕೆ ಇಲೆಕ್ಟ್ರಿಷಿಯನ್ ಬಂದರೂ ಸ್ವಿಚ್ ಆಫ್ ಇಟ್ಟು ಪ್ರತಿ ಸಾಕೆಟ್ಟಿಗೂ ಟೆಸ್ಟರ್ ಹಾಕಿಸಿ ನೋಡಿ.

ಸಿಡಿಲಿಗೆ ಮಾತ್ರ ಸ್ವಿಚ್ ಸಾಲದು. ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿ.ಮೀ. ಸಿಡಿಲಿನ ವೋಲ್ಟೇಜು ಅದನ್ನು ಹಾರಿ ದಾಟ್ತದೆ, ನ್ಯೂಟ್ರಲಿನ ದಾರಿಯಲ್ಲೂ ಬರ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೊದಲು ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನ ಸಂಜೆಗಳಲ್ಲಿ ಗುಡುಗು ಜಾಸ್ತಿ. ಘಟ್ಟದ ಕಡೆ ಮೋಡ ಕಪ್ಪಾಗುವಾಗಲೇ ಪ್ಲಗ್ ತೆಗೆದಿಡಿ. ಟಿವಿಗೆ ಬರುವ ಕೇಬಲ್ಲನ್ನೂ, ರೌಟರಿಗೆ ತಾಮ್ರದ ತಂತಿ ಬರುವುದಾದರೆ ಅದನ್ನೂ ಬಿಡಿಸಬೇಕು. ಬರೀ ಕರೆಂಟಿನ ಪ್ಲಗ್ ತೆಗೆದು ಕೇಬಲ್ ಬಿಟ್ಟರೆ ಟಿವಿ ಉಳಿಯುವ ಭರವಸೆ ಇಲ್ಲ. ಗುಡುಗು ಶುರುವಾದ ಮೇಲೆ ಬೋರ್ಡಿನ ಹತ್ತಿರ ಹೋಗಬೇಡಿ. ಟಿವಿ ಹಾಳಾದರೆ ಆಗಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಮತ್ತೆ ಹಾಕಿ.

ಪ್ರಶ್ನೆ – ಮಲ್ಪೆಯ ಸದಸ್ಯರು:
ಇಂಡಕ್ಷನ್ ಒಲೆಯ ಪ್ಲಗ್ ಸಾಕೆಟ್ಟಿನಲ್ಲಿ ಕಚ್ಚಿ ಹಿಡಿದಿದೆ, ಎಷ್ಟು ಎಳೆದರೂ ಬರ್ತಾ ಇಲ್ಲ. ಬೇರೆ ಪ್ಲಗ್ಗುಗಳ ಪಿನ್ನೂ ಹಸಿರಾಗಿದೆ. ಎಂತ ಮಾಡುವುದು?

ಉತ್ತರ – ಇಲೆಕ್ಟ್ರಿಕಲ್ ರಿಪೇರಿಯವರು, ಸುರತ್ಕಲ್:
ಅಣ್ಣ, ಇನ್ನು ಎಳೆಯುವುದು ಬೇಡ. ಸುಲಭವಾಗಿ ಬಾರದ ಪ್ಲಗ್ ಅಂದ್ರೆ ತೊಂದರೆ ಸಾಕೆಟ್ಟಿನಲ್ಲಿ. ಅಲ್ಲಿ ಬಲ ಹಾಕಿ ಪ್ರಯೋಜನ ಇಲ್ಲ.

ಸಮುದ್ರದ ಹತ್ತಿರ ಗಾಳಿಯಲ್ಲೇ ಉಪ್ಪು ಉಂಟು, ಹಿತ್ತಾಳೆಗೆ ಹಸಿರು ಕಿಲುಬು ಹಿಡೀತದೆ. ಕಿಲುಬು ಇರುವಲ್ಲಿ ಕರೆಂಟು ಸರಾಗ ಹೋಗುವುದಿಲ್ಲ. ಲೆಕ್ಕ ನೋಡಿ: 2000 ವ್ಯಾಟಿನ ಒಲೆ ಸುಮಾರು 8.7 ಆಂಪಿಯರ್ ಎಳೀತದೆ. ಪಿನ್ ಕೂರುವಲ್ಲಿ ಅರ್ಧ ಓಮ್ ತಡೆ ಇದ್ದರೂ ಆ ಒಂದು ಚುಕ್ಕೆಯಲ್ಲಿ 38 ವ್ಯಾಟ್ ಬಿಸಿ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನಷ್ಟೇ! ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳದೆ ಇನ್ನೆಂತ ಆಗ್ತದೆ? ಇಂಡಕ್ಷನ್, ಗೀಸರ್ ಎಲ್ಲ 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಬೇಕು. ಕನ್ವರ್ಟರ್ ಸಿಕ್ಕಿಸಿ 6 ಆಂಪಿಯರಿನದ್ದಕ್ಕೆ ಕೊಡಲೇಬಾರದು.

ಈಗ ಆ ಲೈನಿನ ಎಂಸಿಬಿ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಯಾಕಂದ್ರೆ ಮೈನ್ ಇಳಿಸಿದರೂ ಇನ್ವರ್ಟರ್ ಲೈನಿನ ಸಾಕೆಟ್ಟುಗಳಲ್ಲಿ ಕರೆಂಟು ಇರ್ತದೆ. ಇದನ್ನು ಮರೆಯುವವರು ಬಹಳ. ತಣಿದ ಮೇಲೆ ಇಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿ ತೆಗೆಯಲಿ. ಸಾಕೆಟ್ಟೂ ಟಾಪೂ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಸುಟ್ಟ ಸಾಕೆಟ್ಟಿನ ಹಿತ್ತಾಳೆ ಬಿಗಿ ಕಳೆದುಕೊಂಡಿರ್ತದೆ. ಅದಕ್ಕೆ ಹೊಸ ಟಾಪ್ ಹಾಕಿದರೆ ಅದೂ ಸುಡ್ತದೆ.

ಬರೀ ತೆಳು ಹಸಿರು ಇರುವ ಪಿನ್ನುಗಳನ್ನು ಪ್ಲಗ್ ಹೊರಗಿರುವಾಗ ಝೀರೋ ನಂಬರಿನ ಪಾಲಿಶ್ ಕಾಗದದಲ್ಲಿ ಮೆಲ್ಲ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ. ತೆಂಗಿನೆಣ್ಣೆ, ವ್ಯಾಸಲೀನ್ ಹಚ್ಚುವುದು ಬೇಡ. ಇನ್ನೊಂದು ವಿಷಯ: ಬೋರ್ಡಿನ ಪ್ಲಾಸ್ಟಿಕ್ ಕಾದರೆ ಒಮ್ಮೊಮ್ಮೆ ಮೀನಿನ ವಾಸನೆ ಬರ್ತದೆ. ನಮ್ಮ ಊರಿನಲ್ಲಿ ಅದು ಅಡುಗೆಯದ್ದು ಅಂತಲೇ ಬಿಟ್ಟುಬಿಡ್ತೇವೆ. ಮನೆಯಲ್ಲಿ ಮೀನು ಮಾಡದ ದಿನ ಆ ವಾಸನೆ ಬಂದರೆ ಬೋರ್ಡುಗಳನ್ನು ಮೊದಲು ನೋಡಿ.

ಪ್ರಶ್ನೆ – ಬಿಜೈಯ ಸದಸ್ಯೆ:
ಹೊಸ ಟಾಪ್ ನಾವೇ ಹಾಕಬಹುದಾ?

ಉತ್ತರ – ಇಲೆಕ್ಟ್ರಿಕಲ್ ರಿಪೇರಿಯವರು, ಸುರತ್ಕಲ್:
ಹಾಕಬಹುದು ಅಕ್ಕ. ಪ್ಲಗ್ ಗೋಡೆಯಿಂದ ಹೊರಗಿರುವಾಗ ಮಾತ್ರ. ಹಳೇ ಟಾಪಿನಿಂದ ಹಿಂದಕ್ಕೆ 10 ಸೆಂ.ಮೀ. ವೈರು ಕತ್ತರಿಸಿ ಬಿಸಾಡಿ, ಒಳಗೆ ತುಂಡಾದ ಎಳೆ ಇರುವುದು ಅಲ್ಲೇ. ಕಂದು ಬಣ್ಣ ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಹಳೇ ವೈರಿನಲ್ಲಿ ಕೆಂಪು, ಕಪ್ಪು, ಹಸಿರು. ಟಾಪಿನ ಒಳಗೆ ಎಲ್ (ಫೇಸ್), ಎನ್ (ನ್ಯೂಟ್ರಲ್), ಇ (ಅರ್ತ್) ಅಂತ ಗುರುತು ಇರ್ತದೆ. ತುದಿ 8ರಿಂದ 10 ಮಿ.ಮೀ. ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸ್ಕ್ರೂ ಕೆಳಗೆ ಕೂರಿಸಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ಬೆಸುಗೆ ಹಾಕಿ ಗಟ್ಟಿ ಮಾಡಬೇಡಿ, ಒತ್ತಡಕ್ಕೆ ಸೀಸ ಮೆಲ್ಲ ತಗ್ಗಿ ಸ್ಕ್ರೂ ಲೂಸ್ ಆಗ್ತದೆ.

ಅರ್ತ್ ವೈರನ್ನು ಉಳಿದೆರಡಕ್ಕಿಂತ ಒಂದೆರಡು ಸೆಂ.ಮೀ. ಉದ್ದ ಬಿಡಿ. ಯಾರಾದರೂ ಎಳೆದು ಕಿತ್ತುಬಂದರೂ ಅರ್ತ್ ಕೊನೆಗೆ ಬಿಡಲಿ. ಎಲ್ಲಕ್ಕಿಂತ ಮುಖ್ಯ, ಟಾಪಿನಲ್ಲಿ ವೈರು ಒಳಗೆ ಹೋಗುವ ಬಾಯಿಯ ಹತ್ತಿರ ಎರಡು ಸ್ಕ್ರೂವಿನ ಒಂದು ಪಟ್ಟಿ ಇರ್ತದಲ್ಲ, ಅದು ಹಿಡಿಯಬೇಕಾದದ್ದು ಹೊರಗಿನ ದಪ್ಪ ಹೊದಿಕೆಯನ್ನು, ಒಳಗಿನ ಬಣ್ಣದ ವೈರುಗಳನ್ನಲ್ಲ. ಬಹಳ ಜನ ಈ ಪಟ್ಟಿಯನ್ನು ಹಾಕುವುದೇ ಇಲ್ಲ. ನಿಮ್ಮಲ್ಲಿ ಪದೇ ಪದೇ ಕಿತ್ತುಬರುವುದಕ್ಕೆ ಅದೂ ಕಾರಣ ಇರಬಹುದು, ಬಿಚ್ಚಿ ನೋಡಿ.

ಪ್ರಶ್ನೆ – ಕೊಟ್ಟಾರದ ಸದಸ್ಯರು:
ಎರಡು ಪಿನ್ನಿನ ಚಾರ್ಜರ್ ಹೋಗದಿದ್ದರೆ ಮೇಲಿನ ತೂತಿಗೆ ಸ್ಕ್ರೂಡ್ರೈವರ್ ಒತ್ತಿ ಹಾಕ್ತೇವೆ. ತೊಂದರೆ ಉಂಟಾ?

ಉತ್ತರ – ವೈರಿಂಗ್ ಕೆಲಸದವರು, ಉಡುಪಿ:
ಉಂಟು, ಇವತ್ತೇ ನಿಲ್ಲಿಸಿ. ಅರ್ತ್ ಪಿನ್ ಒಳಗೆ ಹೋದಾಗ ಮಾತ್ರ ಕೆಳಗಿನ ಮುಚ್ಚಳ ತೆರೆಯುವ ಹಾಗೆ ಮಾಡಿರುವುದು ಮಕ್ಕಳ ರಕ್ಷಣೆಗೆ. ಅರ್ತಿಂಗ್ ಕೆಟ್ಟ ಮನೆಯಲ್ಲಿ ಫ್ರಿಜ್ಜೋ ಗೀಸರೋ ಲೀಕ್ ಆಗ್ತಾ ಇದ್ದರೆ ಆ ಮೇಲಿನ ತೂತಿನಲ್ಲೂ ಕರೆಂಟು ಇರ್ತದೆ. ಎರಡು ಪಿನ್ನಿನ ಪ್ಲಗ್ಗಿಗೂ ಬೇರೆ ತೂತು ಇರುವ 5 ತೂತಿನ ಸಾಕೆಟ್ ಹಾಕಿಸಿ, ದೊಡ್ಡ ಖರ್ಚಲ್ಲ.

ಪ್ರಶ್ನೆ – ಮಲ್ಪೆಯ ಸದಸ್ಯರು:
ಫ್ರಿಜ್ಜಿನ ಪ್ಲಗ್ ತೆಗೆದು ಕೂಡಲೇ ಹಾಕಬಹುದಾ?

ಉತ್ತರ – ಇಲೆಕ್ಟ್ರಿಕಲ್ ರಿಪೇರಿಯವರು, ಸುರತ್ಕಲ್:
ಬೇಡ, 5 ನಿಮಿಷ ಬಿಡಿ. ಕಂಪ್ರೆಸರಿನ ಎರಡು ಬದಿಯ ಗ್ಯಾಸಿನ ಒತ್ತಡ ಸಮ ಆಗಬೇಕು. ಅದಕ್ಕೆ ಮೊದಲೇ ಹಾಕಿದರೆ ಮೋಟಾರು ತಿರುಗಲಾರದೆ ಗುಂಯ್ ಅಂತ ಬಿಸಿಯಾಗ್ತದೆ.

ಪ್ರಶ್ನೆ – ಬಿಜೈಯ ಸದಸ್ಯೆ:
ಕೊನೆಯದಾಗಿ, ಇಸ್ತ್ರಿಪೆಟ್ಟಿಗೆಯ ವೈರು ಹೇಗೆ ಸುತ್ತಿಡುವುದು?

ಉತ್ತರ – ವೈರಿಂಗ್ ಕೆಲಸದವರು, ಉಡುಪಿ:
ಪೆಟ್ಟಿಗೆ ಪೂರ್ತಿ ತಣಿಯಲಿ. ಆಮೇಲೆ ಅಂಗೈ ಅಗಲದ ಸಡಿಲ ಸುರುಳಿ ಮಾಡಿ ಪಕ್ಕದಲ್ಲಿಡಿ. ಪೆಟ್ಟಿಗೆಗೇ ಬಿಗಿಯಾಗಿ ಸುತ್ತಿದರೆ ಪ್ಲಗ್ಗಿನ ಬುಡ ಉಳಿದರೂ ಹಿಡಿಯ ಹತ್ತಿರ ವೈರು ಒಳಗೆ ಹೋಗುವ ಜಾಗ ತುಂಡಾಗ್ತದೆ.