‘ಎಕ್ಸ್‌ಟ್ರ್ಯಾಕ್ಷನ್’: ಹೊಡೆದಾಟ ತೆಗೆದರೆ ಉಳಿಯೋದೇನು?

ಬೆಣ್ಣೆದೋಸೆ
ಮೊನ್ನೆ ರಾತ್ರಿ ‘ಎಕ್ಸ್‌ಟ್ರ್ಯಾಕ್ಷನ್’ ಮತ್ತೆ ನೋಡಿದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ ನೆಟ್‌ಫ್ಲಿಕ್ಸ್‌ಗೆ ಬಂತಲ್ಲ, ಅದೇ. ಮರೆತವರಿಗೆ ಕಥೆ ಇಷ್ಟು: ಮುಂಬೈ ಜೈಲಿನಲ್ಲಿರುವ ಡ್ರಗ್ಸ್ ದೊರೆಯ ಮಗ ಓವಿಯನ್ನು ಢಾಕಾದ ಎದುರಾಳಿ ಅಪಹರಿಸುತ್ತಾನೆ. ಹುಡುಗನನ್ನು ಬಿಡಿಸಲು ಟೈಲರ್ ರೇಕ್ ಎಂಬ ಬಾಡಿಗೆ ಸೈನಿಕ ಬರುತ್ತಾನೆ, ಅಂದರೆ ಕ್ರಿಸ್ ಹೆಮ್ಸ್‌ವರ್ತ್. ಹೊಡೆದಾಟ ಪಕ್ಕಾ. ಆದರೆ ಊರಿಗೂ ಕಥೆಗೂ ಸಂಬಂಧವೇ ಇಲ್ಲ. ಇದರ ಮೂಲ ‘ಸಿಯುದಾದ್’ ಎಂಬ ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ. ಅಲ್ಲಿ ಕಥೆ ನಡೆಯೋದು ಪರಗ್ವೆ ದೇಶದಲ್ಲಿ! ಪರಗ್ವೆಯಿಂದ ಕಿತ್ತು ಢಾಕಾದಲ್ಲಿ ನೆಟ್ಟರೂ ಏನೂ ಬದಲಾಗಲ್ಲ ಅಂದರೆ ಆ ಊರು ಬರೀ ಪರದೆ. ಇನ್ನು ಹುಡುಗನನ್ನು ಕರೆದುಕೊಂಡು ಓಡುವ ಚೇಸ್ ಇದೆಯಲ್ಲ, ಎಲ್ಲೂ ಕಟ್ ಇಲ್ಲದ ಆ 12 ನಿಮಿಷದ ಒಂದೇ ಶಾಟ್ ಮಾತ್ರ ಸೂಪರ್, ಅದನ್ನು ಒಪ್ಪುತ್ತೇನೆ.

ಕತ್ತರಿ ಕಿಟ್ಟಿ
“ಒಂದೇ ಶಾಟ್” ಅಂತೆ! ಸ್ವಾಮಿ, ಅದು ಒಂದೇ ಶಾಟ್ ಅಲ್ಲ. ಬೇರೆ ಬೇರೆ ತುಣುಕುಗಳನ್ನು ಸೇರಿಸಿ ಹೊಲಿದಿದ್ದಾರೆ. ಕ್ಯಾಮೆರಾ ಸರ್ರನೆ ತಿರುಗಿದಾಗ, ಕಂಬ ಅಡ್ಡ ಬಂದಾಗ, ಯಾರದೋ ಬೆನ್ನು ಇಡೀ ಫ್ರೇಮ್ ಮುಚ್ಚಿದಾಗ ನೋಡಿ. ಕಟ್ ಅಲ್ಲೇ ಇರುತ್ತೆ.

ಗುರು ಗಂಟಲು
ಬಂದರು ನೋಡಪ್ಪ, ಕಂಬ ಎಣಿಸೋರು. ಜಗತ್ತಿನಾದ್ಯಂತ ಮೊದಲ ನಾಲ್ಕು ವಾರದಲ್ಲಿ 9 ಕೋಟಿ 90 ಲಕ್ಷ ಮನೆಗಳಲ್ಲಿ ನೋಡಿದ್ದಾರೆ. ನೆಟ್‌ಫ್ಲಿಕ್ಸ್ ಕೊಟ್ಟ ಲೆಕ್ಕ. ಅವರಿಗೆಲ್ಲ ಕಾಣದ ಕಟ್ ನಿಮಗೊಬ್ಬರಿಗೇ ಕಂಡಿತಾ?

ಮುಂಗಾರು ಮಿಂಚು
ಆ ಲೆಕ್ಕ ಹಿಡಿದುಕೊಂಡು ಕುಣಿಯಬೇಡಿ. ಆಗ ಅವರು ಎರಡು ನಿಮಿಷ ನೋಡಿದರೂ “ನೋಡಿದರು” ಅಂತ ಎಣಿಸುತ್ತಿದ್ದರು. ನಮ್ಮಮ್ಮ ರಿಮೋಟ್ ಹುಡುಕುವಷ್ಟರಲ್ಲಿ ಎರಡು ನಿಮಿಷ ಓಡಿರುತ್ತೆ.

ಗುರು ಗಂಟಲು
ಅಂದರೆ 10 ಕೋಟಿ ಮನೆಯಲ್ಲೂ ರಿಮೋಟ್ ಕಳೆದುಹೋಗಿತ್ತು ಅನ್ನಿ. ಮುಗೀತು ಬಿಡಿ.

ಸಾಬರಮತಿ ಸೀನ
ನಾನು ಆರು ವರ್ಷ ಅಹಮದಾಬಾದ್‌ನಲ್ಲಿದ್ದವನು. ಆ ಚೇಸ್ ಬರುವ ಓಣಿಗಳನ್ನು ನೋಡಿದ ತಕ್ಷಣ ನಕ್ಕುಬಿಟ್ಟೆ. ಢಾಕಾ ಅಂತ ತೋರಿಸೋದರಲ್ಲಿ ಒಂದಷ್ಟು ಅಹಮದಾಬಾದ್, ಒಂದಷ್ಟು ಥಾಯ್ಲೆಂಡ್. ಮೇಲಿಂದ ಎಲ್ಲಕ್ಕೂ ಅರಿಶಿನ ಬಳಿದ ಹಾಗೆ ಹಳದಿ ಬಣ್ಣ. ಬಡ ದೇಶ ಅಂದರೆ ಹಾಲಿವುಡ್‌ಗೆ ಬಿಸಿಲೂ ಕಾಮಾಲೆಯಾಗಿ ಕಾಣುತ್ತೆ. ಬಾಂಗ್ಲಾದೇಶದವರೇ “ಈ ಬಂಗಾಳಿ ನಮ್ಮ ಊರಿನದಲ್ಲ” ಅಂತ ಬೈದರು.

ಕತ್ತರಿ ಕಿಟ್ಟಿ
ಸೀನಣ್ಣ ನನ್ನ ಮಾತಿಗೇ ಪುಷ್ಟಿ ಕೊಟ್ಟರು. ಎರಡು ದೇಶದಲ್ಲಿ ತೆಗೆದದ್ದನ್ನು ಒಂದೇ ಉಸಿರಿನಲ್ಲಿ ತೋರಿಸಬೇಕಾದರೆ ಕಟ್ ಇಲ್ಲದೆ ಹೇಗಾಗುತ್ತೆ? ಕಾರಲ್ಲಿ ಕೂತು ಬಾಗಿಲು ತೆಗೆದರೆ ಥಾಯ್ಲೆಂಡ್ ಬರುತ್ತಾ?

ಸಾಬರಮತಿ ಸೀನ
ನಾನು ಹೇಳಿದ್ದು ಹಳದಿ ಬಣ್ಣದ ಬಗ್ಗೆ. ನಿಮಗೆ ಪುಷ್ಟಿ ಕೊಡೋಕೆ ಬಂದಿಲ್ಲ.

ಗುರು ಗಂಟಲು
ಕಿಟ್ಟಿ ಅವರೇ, ನಿರ್ದೇಶಕ ಸ್ಯಾಮ್ ಹಾರ್‌ಗ್ರೇವ್ ಸ್ವತಃ ಸ್ಟಂಟ್ ಮಾಡಿ ಬಂದವರು. ಕ್ಯಾಪ್ಟನ್ ಅಮೆರಿಕಾಗೆ ಡೂಪ್ ಆಗಿದ್ದವರು. ಈ ಚೇಸ್‌ಗೆ ಕಾರಿನ ಮುಂಭಾಗಕ್ಕೆ ತನ್ನನ್ನೇ ಬೆಲ್ಟ್ ಹಾಕಿ ಕಟ್ಟಿಸಿಕೊಂಡು, ಕೈಯಲ್ಲಿ ಕ್ಯಾಮೆರಾ ಹಿಡಿದು ಶೂಟ್ ಮಾಡಿದ್ದಾರೆ. ನೀವು ಏಸಿ ರೂಮಲ್ಲಿ ಕೂತು ಕಟ್ ಹುಡುಕಿ.

ಕತ್ತರಿ ಕಿಟ್ಟಿ
ಏಸಿ ಅಲ್ಲ, ಫ್ಯಾನ್. 14 ವರ್ಷದಿಂದ ಎಡಿಟಿಂಗ್ ಟೇಬಲ್ ಮುಂದೆ ಕೂತಿದ್ದೇನೆ. ಕಾರಿನ ಮೇಲೆ ಕೂತಿದ್ದು ಧೈರ್ಯ, ಇಲ್ಲ ಅಂದೆನಾ? ಧೈರ್ಯ ಬೇರೆ, ಕಟ್ ಬೇರೆ.

ಗುರು ಗಂಟಲು
ಯಾವ ಸಿನಿಮಾ ಎಡಿಟ್ ಮಾಡಿದ್ದೀರಿ ಸಾರ್?

ಕತ್ತರಿ ಕಿಟ್ಟಿ
ಮದುವೆ ವಿಡಿಯೋ.

ಗುರು ಗಂಟಲು
😂😂😂 ಸರಿ ಸಾರ್. ಮಾತು ಮುಂದುವರಿಸಿ ಸಾರ್. ತಾಳಿ ಕಟ್ಟೋದು ಒಂದೇ ಶಾಟ್ ತಾನೆ?

ಬೆಣ್ಣೆದೋಸೆ
ಪರಗ್ವೆ ವಿಷಯ ಯಾರಾದರೂ ಮಾತಾಡ್ತೀರಾ?

ಕತ್ತರಿ ಕಿಟ್ಟಿ
ತಾಳಿ ಕಟ್ಟೋದು ಒಂದೇ ಶಾಟ್ ಅಲ್ಲ ಕಣಯ್ಯಾ! ಮುಹೂರ್ತದ ಹೊತ್ತಲ್ಲಿ ಸೋದರಮಾವನ ತಲೆ ಅಡ್ಡ ಬರುತ್ತೆ. ಆಗ ಎರಡನೇ ಕ್ಯಾಮೆರಾದಿಂದ ತೆಗೆದದ್ದನ್ನು ಸೇರಿಸುತ್ತೇವೆ. ಅಕ್ಷತೆ ಬೀಳುವಾಗ ಸೇರಿಸಿದರೆ ಹುಡುಗಿ ಮನೆಯವರಿಗೂ ಗೊತ್ತಾಗಲ್ಲ. ಹಾರ್‌ಗ್ರೇವ್ ಮಾಡಿದ್ದೂ ಅದನ್ನೇ. ಅವರಿಗೆ ಅಕ್ಷತೆ ಬದಲು ಧೂಳು.

ಮುಂಗಾರು ಮಿಂಚು
ನನಗೆ ಕಟ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಆ ಮಕ್ಕಳ ಗ್ಯಾಂಗ್ ಸೀನ್ ಹೇಗೆ ನುಂಗಿದಿರಿ? ಆರಡಿ ಆಳು ಬೀದಿ ಮಕ್ಕಳಿಗೆ ಕೆನ್ನೆಗೆ ಬಾರಿಸುತ್ತಾನೆ, ನಾವು ಶಿಳ್ಳೆ ಹೊಡೆಯಬೇಕು. ಡ್ರಗ್ಸ್ ದೊರೆಯ ಮಗನ ಜೀವಕ್ಕೆ ಬೆಲೆ ಇದೆ, ಅವನಷ್ಟೇ ವಯಸ್ಸಿನ ಢಾಕಾ ಹುಡುಗರು ಲೆಕ್ಕಕ್ಕಿಲ್ಲ.

ಗುರು ಗಂಟಲು
ಮೇಡಂ, ಆ ಮಕ್ಕಳ ಕೈಯಲ್ಲಿ ಏನು ಬುಗುರಿ ಇತ್ತಾ? ಕೊನೆಗೆ ಹೀರೋ ಕುತ್ತಿಗೆಗೆ ಗುಂಡು ಹೊಡೆಯೋದು ಯಾರು? ಅಂಥದ್ದೇ ಒಬ್ಬ ಹುಡುಗ, ಫರ್ಹಾದ್. ಆ ಸೀನ್‌ಗೆ ಅರ್ಥ ಇದೆ.

ಮುಂಗಾರು ಮಿಂಚು
ನಾನು ಹೇಳಿದ್ದನ್ನೇ ನೀವೂ ಹೇಳಿದಿರಿ. ಹೀರೋಗೆ ಗುಂಡು ಹೊಡೆಯೋಕೆ ಒಬ್ಬ ಬೇಕಿತ್ತು, ಅದಕ್ಕೆ ಫರ್ಹಾದ್. ಅವನ ಮನೆ, ಅವನ ಹಸಿವು ಯಾವುದಕ್ಕೂ ಸಮಯ ಇಲ್ಲ. ಟೈಲರ್‌ಗೆ ಮಾತ್ರ ಸತ್ತ ಮಗನ ನೆನಪು ಮಂಜುಮಂಜಾಗಿ ನಾಲ್ಕು ಸಲ ಬರುತ್ತೆ.

ಸುಮ್ನೆ ಓದೋನು
ರಣದೀಪ್ ಹೂಡಾ ಬಗ್ಗೆ ಯಾರೂ ಮಾತಾಡಲಿಲ್ಲ. ಅವರು ಮಾಡಿದ ಸಾಜು, ಅಂದರೆ ಡ್ರಗ್ಸ್ ದೊರೆಯ ಬಂಟನ ಪಾತ್ರವೇ ನಿಜವಾದ ಕಥೆ. ಧಣಿ ಜೈಲಲ್ಲಿ ಕೂತು “ನನ್ನ ಮಗನನ್ನು ತರದಿದ್ದರೆ ನಿನ್ನ ಮಗ ಉಳಿಯಲ್ಲ” ಅನ್ನುವ ಅರ್ಥದಲ್ಲಿ ಹೆದರಿಸುತ್ತಾನೆ. ಸಾಜು ಕೈಯಲ್ಲಿ ದುಡ್ಡಿಲ್ಲ. ಅದಕ್ಕೆ ಬಾಡಿಗೆ ಸೈನಿಕರನ್ನು ಕರೆಸಿ, ಅವರು ಹುಡುಗನನ್ನು ಬಿಡಿಸಿದ ಮೇಲೆ ದುಡ್ಡು ಕೊಡದೆ ಕಸಿದುಕೊಳ್ಳುವ ಪ್ಲಾನ್ ಮಾಡುತ್ತಾನೆ. ತಪ್ಪೂ ಇದೆ, ಸರಿಯೂ ಇದೆ. ಹೆಮ್ಸ್‌ವರ್ತ್‌ಗೆ ಸಾಯೋದು ಬಿಟ್ಟು ಬೇರೆ ಆಸೆಯೇ ಇಲ್ಲ. ಇವನಿಗೆ ಹೆಂಡತಿ ಇದ್ದಾಳೆ, ಮಗು ಇದೆ. ಅಂಥವನನ್ನು ಸೇತುವೆ ಮೇಲೆ ಸಾಯಿಸಿ ಕೈ ತೊಳೆದುಕೊಂಡರು. ಧಣಿ ಪಾತ್ರದ ಪಂಕಜ್ ತ್ರಿಪಾಠಿಯನ್ನಂತೂ ಜೈಲಿನ ಒಂದು ಸೀನ್‌ಗೆ ಕರೆಸಿ ಕಾಫಿ ಕೊಟ್ಟು ಕಳಿಸಿದ ಹಾಗಿತ್ತು.

ಗುರು ಗಂಟಲು
“ಸಾಯೋದು ಬಿಟ್ಟು ಬೇರೆ ಆಸೆಯೇ ಇಲ್ಲ” ಅಂದರೆ ಸಿನಿಮಾ ನೋಡಿಲ್ಲ ನೀವು. ದುಡ್ಡು ಬರಲ್ಲ, ಹುಡುಗನನ್ನು ಬಿಟ್ಟು ಬಾ ಅಂದಾಗ ಬಿಟ್ಟು ಬಂದನಾ? ಮಗನಿಗೆ ಲಿಂಫೋಮಾ ಅನ್ನೋ ಕ್ಯಾನ್ಸರ್ ಆಗಿ ಸಾಯುತ್ತಿದ್ದಾಗ ಅಫ್ಘಾನಿಸ್ತಾನಕ್ಕೆ ಹೋಗಿ ತಪ್ಪಿಸಿಕೊಂಡವನು ಈ ಸಲ ನಿಂತ. ಇದಕ್ಕಿಂತ ಕಥೆ ಬೇಕಾ?

ಸುಮ್ನೆ ಓದೋನು
ನಾನು ಹೂಡಾ ಬಗ್ಗೆ ಹೇಳಿದ್ದು. ಬೇಡ ಬಿಡಿ, ಮತ್ತೆ ಸುಮ್ನೆ ಓದ್ತೀನಿ.

ಕತ್ತರಿ ಕಿಟ್ಟಿ
ಹೂಡಾ ಮತ್ತೆ ಹೆಮ್ಸ್‌ವರ್ತ್ ಚಾಕು ಹಿಡಿದು ಹೊಡೆದಾಡುವುದೂ ಆ 12 ನಿಮಿಷದ ಒಳಗೇ. ಅದನ್ನು ನಿಧಾನ ಮಾಡಿ ನೋಡಿ. ಹಾದುಹೋಗುವ ವಾಹನ ಪರದೆ ಮುಚ್ಚಿದ ತಕ್ಷಣ ನಿಲ್ಲಿಸಿ.

ಗುರು ಗಂಟಲು
ಮತ್ತೆ ಶುರು. ಎರಡನೇ ಭಾಗ 2023ರಲ್ಲಿ ಬಂತು. ಅದರಲ್ಲಿ ಜೈಲಿನಿಂದ ರೈಲಿನವರೆಗೆ 21 ನಿಮಿಷ. ಅದಕ್ಕೂ ನಿಮ್ಮ ಅಕ್ಷತೆ ಸಿದ್ಧಾಂತವಾ?

ಕತ್ತರಿ ಕಿಟ್ಟಿ
ಅದಕ್ಕೂ. ಜಾಸ್ತಿ ನಿಮಿಷ, ಜಾಸ್ತಿ ಹೊಲಿಗೆ. ಹೊಲಿಗೆ ಕಾಣದ ಹಾಗೆ ಹೊಲಿಯೋದೇ ಕಷ್ಟ, ಅದಕ್ಕೆ ನಾನು ಕೈಮುಗಿಯುತ್ತೇನೆ. “ಒಂದೇ ಶಾಟ್” ಅನ್ನಬೇಡಿ ಅಂದೆ ಅಷ್ಟೆ. ನಿರ್ದೇಶಕರೇ ಸೇರಿಸಿದ್ದು ಅಂತ ಒಪ್ಪಿಕೊಂಡಿರುವಾಗ ನಿಮಗ್ಯಾಕೆ ಹಠ?

ಗುರು ಗಂಟಲು
ಒಂದೇ ಶಾಟ್ ಅಂತ ನಾನೆಲ್ಲಿ ಅಂದೆ? ಮೇಲೆ ಹೋಗಿ ಓದಿ. ಅಂದದ್ದು ಬೆಣ್ಣೆದೋಸೆ.

ಬೆಣ್ಣೆದೋಸೆ
ಕೊನೆಗೂ ನನ್ನ ಹೆಸರು ಬಂತು, ಅದೂ ಬೈಸಿಕೊಳ್ಳೋಕೆ. ಪುಸ್ತಕದಲ್ಲಿ ಅಪಹರಣವಾಗೋದು ಒಬ್ಬ ಹುಡುಗಿ, ಅವಳು ಢಾಕಾದಲ್ಲಿ ಹುಡುಗನಾದಳು, ಆ ಬದಲಾವಣೆಗೆ ಕಥೆಯಲ್ಲಿ ಏನು ಕಾರಣ ಅಂತ ಒಬ್ಬರಾದರೂ...

ಸಾಬರಮತಿ ಸೀನ
ಢಾಕಾ ಅಲ್ಲ, ಅಹಮದಾಬಾದ್.

ಗುರು ಗಂಟಲು
ಕಿಟ್ಟಣ್ಣ, ಅದಿರಲಿ. ಬರುವ ತಿಂಗಳು ತಂಗಿ ಮದುವೆ ಇದೆ. ಎರಡು ಕ್ಯಾಮೆರಾ, ಎರಡು ದಿನ. ರೇಟ್ ಎಷ್ಟು?

ಕತ್ತರಿ ಕಿಟ್ಟಿ
ಇನ್‌ಬಾಕ್ಸ್‌ಗೆ ಬಾ. ಕಟ್ ಇಲ್ಲದೆ ಬೇಕು ಅಂದರೆ ಡಬಲ್ ಆಗುತ್ತೆ.