ಪಕ್ಕದ ಖಾಲಿ ಸೈಟಿನ ಕಸ, ರಸ್ತೆಯಲ್ಲಿ ನಿಂತ ಹಳೇ ಓಮ್ನಿ: ಯಾರಿಗೆ ಹೇಳಬೇಕು?

ಪ್ರಶ್ನೆ (ಬೆಂಗಳೂರು): ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ. ಮಾಲೀಕರು ಯಾರೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ಹಳೇ ಹಾಸಿಗೆ, ಒಡೆದ ಕಮೋಡು, ಮನೆ ಕೆಡವಿದ ಮಣ್ಣು ಎಲ್ಲವೂ ಅಲ್ಲಿಗೇ ಬಂದು ಬೀಳುತ್ತದೆ. ಸೈಟಿನ ಮುಂದೆ ರಸ್ತೆಯಲ್ಲಿ ಟೈರು ಕೂತ ಓಮ್ನಿಯೊಂದು ವರ್ಷಗಳಿಂದ ನಿಂತಿದೆ. ಸೈಟಿನೊಳಗೆ ನಂಬರ್ ಪ್ಲೇಟ್ ಇಲ್ಲದ ಸ್ಕೂಟರ್ ಬೇರೆ. ವಾರ್ಡ್ ಆಫೀಸಿನಲ್ಲಿ ಕೇಳಿದರೆ ‘ಪೊಲೀಸರಿಗೆ ಹೇಳಿ’ ಅಂತಾರೆ, ಸ್ಟೇಷನ್ನಿನಲ್ಲಿ ಕೇಳಿದರೆ ‘ಪಾಲಿಕೆಗೆ ಹೇಳಿ’ ಅಂತಾರೆ. ಇಂಥದ್ದನ್ನು ನಿಭಾಯಿಸಿದವರು ಯಾರಾದರೂ ಇದ್ದೀರಾ?

ಉತ್ತರ 1 (ಬೆಂಗಳೂರು): ಮೇಡಂ, ಇಬ್ಬರೂ ಅರ್ಧರ್ಧ ಸರಿಯಾಗಿಯೇ ಹೇಳಿದ್ದಾರೆ! ಮೂರೂ ವಿಷಯ ಸೇರಿಸಿ ಒಂದೇ ಅರ್ಜಿ ಬರೆದರೆ ಹೀಗೇ ಆಗುವುದು. ಪ್ರತಿಯೊಬ್ಬರೂ ತಮ್ಮದಲ್ಲದ ಭಾಗ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಬೇರೆ ಬೇರೆ ಬರೆಯಿರಿ.

ಮೊದಲು ಓಮ್ನಿ. ಅದು ರಸ್ತೆಯಲ್ಲಿದೆ, ಅಂದರೆ ಸಾರ್ವಜನಿಕ ಜಾಗದಲ್ಲಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 127 ಇದಕ್ಕೇ ಇರುವುದು. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಬಿಟ್ಟುಹೋದ ಗಾಡಿಯನ್ನು ಎತ್ತಿಸಲು ಆ ವ್ಯಾಪ್ತಿಯ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು. ಹೌದು, ಹತ್ತು ಗಂಟೆ, ಹತ್ತು ವರ್ಷ ಅಲ್ಲ. ಟೋಯಿಂಗ್ ಖರ್ಚು ಗಾಡಿ ಮಾಲೀಕನದ್ದು. ಟ್ರಾಫಿಕ್ ಸ್ಟೇಷನ್ನಿಗೆ ಬರೆದು ಕೊಡಿ. ಫೋಟೋದಲ್ಲಿ ನಂಬರ್, ಹಿಂದಿನ ಮನೆ ಅಥವಾ ಕಂಬ ಕಾಣುವಂತಿರಲಿ. ಅರ್ಜಿಯಲ್ಲಿ ಸೆಕ್ಷನ್ ನಂಬರ್ ಹಾಕಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಬೀಳದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಸ್ಕೂಟರಿಗೆ ಈ ಸೆಕ್ಷನ್ ನಡೆಯುವುದಿಲ್ಲ, ಅದು ಖಾಸಗಿ ಜಾಗದಲ್ಲಿದೆ. ಆದರೆ ಪ್ಲೇಟ್ ಇಲ್ಲದ ಗಾಡಿ ಅಂದರೆ ಕದ್ದ ಮಾಲು ಇರಬಹುದು. ಅದನ್ನು ಟ್ರಾಫಿಕ್ ಬಿಟ್ಟು ಲಾ ಅಂಡ್ ಆರ್ಡರ್ ಸ್ಟೇಷನ್ನಿಗೆ ತಿಳಿಸಿ. ಚಾಸಿಸ್ ನಂಬರ್ ಸಿಕ್ಕಿದರೆ ಅವರು ಹುಡುಕುತ್ತಾರೆ. ದಯವಿಟ್ಟು ಗುಜರಿಯವನನ್ನು ಕರೆದು ಎತ್ತಿಸಬೇಡಿ. ನಾಳೆ ಮಾಲೀಕ ಬಂದರೆ ಕಳ್ಳತನದ ದೂರು ನಿಮ್ಮ ಮೇಲೆ.

ಇನ್ನು ಸೈಟು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದ ಮೇಲೆ ನಿಮ್ಮದು ಯಾವುದಕ್ಕೆ ಸೇರಿತು ಅಂತ ಮೊದಲು ನೋಡಿಕೊಳ್ಳಿ. ಹಳೇ ಆಫೀಸಿನ ಹೆಸರಿಗೆ ಬರೆದ ಅರ್ಜಿ ಸುಮ್ನೆ ಸುತ್ತುತ್ತದೆ.

ಉತ್ತರ 2 (ಮೈಸೂರು): ಮಾಲೀಕರು ಯಾರೆಂದು ಗೊತ್ತಿಲ್ಲ ಅಂದಿರಲ್ಲ, ನಿಮ್ಮ ಮನೆಯ ಕ್ರಯಪತ್ರ ತೆಗೆದು ಚೆಕ್ಕುಬಂದಿ ಓದಿ. ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ಇಂಥದ್ದು ಅಂತ ಇರುತ್ತದೆ. ಕೆಲವು ಪತ್ರಗಳಲ್ಲಿ ಹೆಸರೂ ಇರುತ್ತದೆ. ಆ ಸೈಟ್ ನಂಬರ್ ಹಿಡಿದು ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ದಲ್ಲಿ ಇಸಿಗೆ (ಋಣಭಾರ ಪ್ರಮಾಣಪತ್ರ) ಅರ್ಜಿ ಹಾಕಿದರೆ ಯಾರು ಯಾರಿಗೆ ಮಾರಿದರು ಅಂತ ಬರುತ್ತದೆ. ನಮ್ಮ ಪಕ್ಕದ ಸೈಟಿನವರು ಹೀಗೇ ಸಿಕ್ಕರು. ದುಬೈನಲ್ಲಿದ್ದರು. ಫೋಟೋ ಕಳಿಸಿದೆವು. ಪಾಪ, ಅವರಿಗೆ ತಮ್ಮ ಸೈಟು ಈ ಗತಿಯಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಜೆಸಿಬಿ ಹಾಕಿಸಿ ತಂತಿಬೇಲಿ ಕಟ್ಟಿಸಿದರು. ಎಲ್ಲ ಮಾಲೀಕರೂ ಇಷ್ಟು ಒಳ್ಳೆಯವರಿರುತ್ತಾರೆ ಅಂತ ನಾನು ಹೇಳುವುದಿಲ್ಲ, ಆದರೆ ಆಫೀಸಿಗೆ ಅಲೆಯುವ ಮೊದಲು ಒಂದು ಫೋನು ಮಾಡಿ ನೋಡುವುದು ವಾಸಿ.

ಉತ್ತರ 3 (ಬೆಂಗಳೂರು, ಅಪಾರ್ಟ್‌ಮೆಂಟ್ ಸಂಘದಲ್ಲಿರುವವರು): ಅರ್ಜಿಯಲ್ಲಿ ‘ಕಸ’ ಅಂತ ಬರೆದರೆ ಯಾರೂ ತಲೆ ಎತ್ತುವುದಿಲ್ಲ. ‘ಸೊಳ್ಳೆ’ ಅಂತ ಬರೆದು ನೋಡಿ. 2024ರಲ್ಲಿ ಡೆಂಗಿ ಹೆಚ್ಚಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರದಲ್ಲಿ ಮನೆಗೆ 400 ರೂಪಾಯಿ, ಖಾಲಿ ಸೈಟು ಮತ್ತು ಕಟ್ಟುತ್ತಿರುವ ಕಟ್ಟಡಕ್ಕೆ 2,000. ಹಳ್ಳಿಯಲ್ಲಿ ಇದರ ಅರ್ಧ. ಆ ಕಮೋಡು, ಟೈರುಗಳಲ್ಲಿ ಮಳೆನೀರು ನಿಂತಿದ್ದರೆ, ಮರಿಹುಳು ಕಾಣುವ ಹಾಗೆ ಫೋಟೋ ತೆಗೆದು ಹೆಲ್ತ್ ಇನ್ಸ್‌ಪೆಕ್ಟರಿಗೆ ಕೊಡಿ. ನಮ್ಮಲ್ಲಿ ಕೆಲಸ ಆದದ್ದು ಇದರಿಂದಲೇ. ದಂಡದ ಮೊತ್ತ ಚಿಕ್ಕದೇ. ಆದರೆ ನೋಟಿಸ್ ಹೋಯಿತಲ್ಲ, ಮಾಲೀಕರ ಕಡೆಯವರು ಬಂದರು.

ಕಸಕ್ಕೆ ಬೆಂಕಿ ಮಾತ್ರ ಹಚ್ಚಬೇಡಿ. ಸುಡುವುದಕ್ಕೂ ನಿಷೇಧವಿದೆ, ದಂಡ ಹಚ್ಚಿದವರಿಗೇ ಬೀಳುತ್ತದೆ. ಮತ್ತೆ, ರಾತ್ರಿ ಬಂದು ಎಸೆಯುವವರ ಗಾಡಿ ನಂಬರ್ ಸಿಸಿಟಿವಿಯಲ್ಲಿ ಸಿಕ್ಕಿದರೆ ಅದನ್ನೂ ಕೊಡಿ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಕಸ ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿದು ದಂಡ ಹಾಕಿದ್ದರು, ನೆನಪಿದೆಯಾ? ನನಗೇನೂ ಅದು ಸರಿ ಕಾಣಲಿಲ್ಲ, ಅದೇ ಕಸವನ್ನು ಮತ್ತೆ ಪೌರಕಾರ್ಮಿಕರೇ ತಾನೇ ಎತ್ತಬೇಕು? ಆದರೆ ಎಸೆದವರು ಯಾರೆಂದು ಪತ್ತೆಯಾದದ್ದು ವಿಡಿಯೋಗಳಿಂದ.

ಉತ್ತರ 4 (ಹಾಸನ ಕಡೆಯ ಹಳ್ಳಿ): ನಮ್ಮಲ್ಲಿ ಪಾಲಿಕೆ ಇಲ್ಲ, ಪಂಚಾಯಿತಿಯ ಪಿಡಿಒಗೆ ಅರ್ಜಿ. ಅಲ್ಲಿ ಆಗದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ. ಅದಕ್ಕೂ ಜಗ್ಗದಿದ್ದರೆ ಹೊಸ ದಂಡ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 152 ಇದೆ, ಹಿಂದೆ ಸಿಆರ್‌ಪಿಸಿ 133 ಅಂತಿದ್ದದ್ದು. ಊರಿಗೆಲ್ಲ ತೊಂದರೆ ಕೊಡುವುದನ್ನು ತೆಗೆಯಿರಿ, ಇಲ್ಲವೇ ಬಂದು ಕಾರಣ ಹೇಳಿ ಅಂತ ಎಸಿ ಸಾಹೇಬರು (ಉಪವಿಭಾಗಾಧಿಕಾರಿ) ಆದೇಶ ಮಾಡಬಹುದು. ಒಬ್ಬರೇ ಹೋಗಬೇಡಿ, ಬೀದಿಯವರ ಸಹಿ ಹಾಕಿಸಿ. ಒಂದು ಮನೆಯವರ ದೂರಾದರೆ ಅಕ್ಕಪಕ್ಕದವರ ಜಗಳ ಅಂತ ಬದಿಗಿಡುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಚೆಕ್ಕುಬಂದಿಯಲ್ಲಿ ಸೈಟ್ ನಂಬರ್ ಸಿಕ್ಕಿತು! ಇನ್ನೊಂದು ಕೇಳಲಾ? ಓಮ್ನಿ ಎದುರು ಮನೆ ಅಜ್ಜನದ್ದಂತೆ. ಈಗ ಒಪ್ಪಿಕೊಂಡರು. ‘ಗುಜರಿಗೆ ಹಾಕೋಕೆ ನಾನು ರೆಡಿ, ಹೇಗೆ ಅಂತ ಗೊತ್ತಿಲ್ಲಮ್ಮ’ ಅಂತಾರೆ.

ಉತ್ತರ 1: ಹಾಗಾದರೆ ಪೊಲೀಸರ ಅರ್ಜಿ ಸದ್ಯಕ್ಕೆ ಬೇಡ ಬಿಡಿ. ಅಜ್ಜನಿಗೆ ಬೀದಿ ಗುಜರಿ ಅಂಗಡಿ ಬೇಡ ಅಂತ ಹೇಳಿ. ಗಾಡಿ ಹೋದರೂ ಆರ್‌ಸಿ ಅವರ ಹೆಸರಿನಲ್ಲೇ ಉಳಿಯುತ್ತದೆ, ಆ ನಂಬರನ್ನು ಯಾರು ಎಲ್ಲಿ ಬಳಸಿದರೂ ತಲೆನೋವು ಅವರದ್ದು. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಗಾಡಿ ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಕೊಡುತ್ತಾರೆ, ನೋಂದಣಿಯೂ ರದ್ದಾಗುತ್ತದೆ. ಮನೆಯಲ್ಲಿ ಯಾರಾದರೂ ಹೊಸ ಗಾಡಿ ಕೊಳ್ಳುವುದಿದ್ದರೆ ಆ ಸರ್ಟಿಫಿಕೇಟನ್ನು ಜೋಪಾನವಾಗಿಡಿ. ಸ್ವಂತ ಬಳಕೆಯ ಗಾಡಿಗೆ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಹಳೇ ಸಾಲ ಆರ್‌ಸಿಯಲ್ಲಿ ಹಾಗೇ ಕೂತಿದೆಯಾ, ದಂಡದ ಚಲನ್ ಬಾಕಿ ಇದೆಯಾ ಅಂತ ಮೊದಲು ನೋಡಿ. ಅವೆರಡು ತೀರದೆ ಕೆಲಸ ಮುಂದೆ ಹೋಗುವುದಿಲ್ಲ.